ಮೂಟೆ ತರುವ ಮೊದಲು ಒಂದು ಫೋನ್ ಮಾಡಿ

ಹಬ್ಬದ ಹೊತ್ತಿಗೆ ಪ್ರಾಣಿ ರಕ್ಷಣೆ ಮಾಡುವವರಿಗೆ ಆಹಾರದ ಮೂಟೆ ಕೊಡಲಾ, ದುಡ್ಡು ಕೊಡಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ದುಡ್ಡೇ ಕೊಡಿ. ಮೂಟೆ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ ನಿಜ, ಆದರೆ ಡಾಕ್ಟರ್ ಫೀಸು, ಲಸಿಕೆ, ಆಪರೇಷನ್, ಕೆಲಸದವರ ಸಂಬಳ ಇವನ್ನೆಲ್ಲ ಯಾರೂ ಮೂಟೆಯಲ್ಲಿ ಕಟ್ಟಿ ತರುವುದಿಲ್ಲ ಅಲ್ವಾ? ಅದೂ ಒಂದೇ ಸಲ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಬಂದರೆ ಅವರಿಗೆ ಲೆಕ್ಕ ಹಾಕಿಕೊಳ್ಳಲು ಸುಲಭ, ಹಬ್ಬ ಮುಗಿದ ಮೇಲೆ ಯಾರೂ ನೆನಪಿಸಿಕೊಳ್ಳುವುದಿಲ್ಲ ನೋಡಿ.

ಆಹಾರವೇ ಕೊಡಬೇಕು ಅನಿಸಿದರೆ ಯಾವ ಬ್ರ್ಯಾಂಡ್ ಹಾಕುತ್ತಾರೆ ಅಂತ ಕೇಳಿ ತನ್ನಿ. ದಿಢೀರ್ ಅಂತ ಆಹಾರ ಬದಲಾದರೆ ನಾಯಿಗಳಿಗೆ ಹೊಟ್ಟೆ ಕೆಡುತ್ತದೆ. ಬೆಕ್ಕಿನ ಮರಿಗಳಿಗೆ ಅಂತ ಹಸುವಿನ ಹಾಲಂತೂ ಬೇಡ, ಭೇದಿ ಆಗಬಹುದು. ಹಳೆ ಟವೆಲ್, ನ್ಯೂಸ್‌ಪೇಪರ್ ಸಾಮಾನ್ಯವಾಗಿ ಬೇಕಾಗುತ್ತವೆ.

ದುಡ್ಡು ಕಷ್ಟ ಅಂದರೆ ರಜೆಯಲ್ಲಿ ಒಂದು ವಾರ ಒಂದು ನಾಯಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೀನಿ ಅಂತ ಹೇಳಿ. ಸ್ವಯಂಸೇವಕರು ರಜೆ ಹಾಕುವುದೂ ಆಗಲೇ, ಪಟಾಕಿ ಸದ್ದಿಗೆ ಹೆದರಿ ಓಡಿದ ನಾಯಿಗಳು ಬಂದು ಸೇರುವುದೂ ಆಗಲೇ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ ಅಂತ ಮೊದಲು ನೋಡಿಕೊಳ್ಳಿ.