ಭೇಟಿಯೇ ಆಗದ ಗಿಟಾರಿಸ್ಟ್ ಸತ್ತರೆ ಇಷ್ಟೊಂದು ದುಃಖ ಆಗುವುದು ಸಹಜವೇ?

ಸಹಜ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಮೆರಿಕದ ರಾಕ್ ಬ್ಯಾಂಡ್ ವ್ಯಾನ್ ಹೇಲನ್‌ನ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ತೀರಿಕೊಂಡು ವರ್ಷಗಳೇ ಆದವು, ಇನ್ನೂ ಅವರ ಹಾಡು ಹಾಕಿದರೆ ಗಂಟಲು ಕಟ್ಟುತ್ತದೆ ಅಂತ ಬರೆದಿದ್ದೀರಿ. ಸುತ್ತಲಿನವರು 'ಅವನೇನು ನಿನ್ನ ನೆಂಟನಾ?' ಅನ್ನುತ್ತಾರಂತೆ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀರಿ: ನೀವು ಗಿಟಾರ್ ಕಲಿಯುತ್ತಿದ್ದವರು, ಅವರು ಹೋದ ಮೇಲೆ ಅದನ್ನು ಮುಟ್ಟುವುದೇ ಕಡಿಮೆಯಾಗಿದೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇದೆ ಅಂತ ನನಗನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹಾಡುಗಾರ ಸತ್ತರೆ ಆ ದನಿ ಇನ್ನು ಹುಟ್ಟುವುದಿಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಗಿಟಾರಿಸ್ಟ್ ಸತ್ತರೆ ಮಾತ್ರ, ಗಿಟಾರ್ ಇದೆಯಲ್ಲ, ಬೇರೆ ಯಾರಾದರೂ ನುಡಿಸುತ್ತಾರೆ ಬಿಡಿ ಅನ್ನುವವರೇ ಜಾಸ್ತಿ. ಗಿಟಾರ್ ನುಡಿಸುವವರು ಹಾಗೆ ಹೇಳುವುದಿಲ್ಲ. ಟೋನ್, ಅಂದರೆ ಸದ್ದಿನ ಗುಣ, ಇರೋದು ಬೆರಳಲ್ಲಿ ಅನ್ನುವುದು ನಮ್ಮಲ್ಲಿ ತುಂಬಾ ಹಳೆಯ ಮಾತು. ಎಡ್ಡಿ ವಿಷಯದಲ್ಲಿ ಅದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. 70ರ ದಶಕದ ಕೊನೆಯಲ್ಲಿ ಇನ್ನೊಬ್ಬ ರಾಕ್ ಗಿಟಾರಿಸ್ಟ್ ಟೆಡ್ ನುಜೆಂಟ್ ಜೊತೆ ಒಂದೇ ವೇದಿಕೆಯಲ್ಲಿ ವ್ಯಾನ್ ಹೇಲನ್ ಬ್ಯಾಂಡ್ ನುಡಿಸುತ್ತಿತ್ತು. ಎಡ್ಡಿಯ ಆ ಸದ್ದು ಬರುವುದು ಹೇಗೆ ಅಂತ ನುಜೆಂಟ್‌ಗೆ ಕುತೂಹಲ. ಎಡ್ಡಿಯ ಗಿಟಾರನ್ನೇ ಎತ್ತಿಕೊಂಡು, ಎಡ್ಡಿಯ ಆಂಪ್‌ನಲ್ಲೇ (ಸದ್ದು ಹೆಚ್ಚಿಸುವ ಪೆಟ್ಟಿಗೆ) ನುಡಿಸಿ ನೋಡಿದರು. ಬಂದದ್ದು ನುಜೆಂಟ್ ಸದ್ದೇ. ಆಮೇಲೆ ಎಡ್ಡಿ ನುಜೆಂಟ್‌ನ ಗಿಟಾರ್ ಹಿಡಿದರು. ಎಡ್ಡಿಯದೇ ಸದ್ದು ಬಂತು. ಇದನ್ನು ನುಜೆಂಟ್ ತಾವೇ ಹೇಳಿಕೊಂಡಿದ್ದಾರೆ.

ಸಲಕರಣೆಯ ಮೇಲೆ ಎಡ್ಡಿ ಕಡಿಮೆ ತಲೆ ಕೆಡಿಸಿಕೊಂಡವರಲ್ಲ. 50 ಡಾಲರ್ ಕೊಟ್ಟು ಒಂದು ಬಾಡಿ, 80 ಡಾಲರ್ ಕೊಟ್ಟು ಒಂದು ನೆಕ್ ತಂದು ತಾವೇ ಜೋಡಿಸಿದರು. ಗಿಬ್ಸನ್ ಗಿಟಾರಿನಿಂದ ಬಿಚ್ಚಿದ ಪಿಕಪ್ಪನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗವನ್ನು, ಅದಕ್ಕೆ ಹಾಕಿದರು. ಸದ್ದು ಜಾಸ್ತಿ ಮಾಡಿದಾಗ ಪಿಕಪ್ ಕಿರುಚಬಾರದು ಅಂತ ಅದನ್ನು ಕರಗಿದ ಮೇಣದಲ್ಲಿ ಅದ್ದಿದರು. ಮಾರ್ಷಲ್ ಆಂಪ್‌ಗೆ ವೇರಿಯಾಕ್ ಅನ್ನುವ ಸಾಧನದ ಮೂಲಕ ವೋಲ್ಟೇಜ್ ಇಳಿಸಿ ಕೊಟ್ಟರು. ಸೈಕಲ್ಲಿಗೆ ಹೊಡೆಯುವ ಪೇಂಟಿನಲ್ಲಿ ಪಟ್ಟೆ ಬಳಿದರು. ಜನ 'ಫ್ರಾಂಕನ್‌ಸ್ಟ್ರಾಟ್' ಅಂತ ಕರೆಯುವ ಆ ಗಿಟಾರ್ 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಪ್ರದರ್ಶನದಲ್ಲಿತ್ತು. ಅದಕ್ಕೂ ಮೊದಲು, 2007ರಲ್ಲಿ, ಗೀರು, ಸುಟ್ಟ ಕಲೆ ಎಲ್ಲವನ್ನೂ ಹಾಗೇ ನಕಲು ಮಾಡಿ 300 ಗಿಟಾರ್ ಮಾರಾಟಕ್ಕೆ ಬಂದವು. ಒಂದೊಂದಕ್ಕೆ 25,000 ಡಾಲರ್. ಕೊಂಡವರಿಗೆ ಗಿಟಾರ್ ಸಿಕ್ಕಿತು. ಆ ಕೈ ಮಾತ್ರ ಒಂದೇ ಇತ್ತು.

ಆ ಕೈಯನ್ನು ನಾವು ನಮ್ಮ ಕೈಯಿಂದಲೇ ತಿಳಿದುಕೊಂಡವರು. ಅದಕ್ಕೇ ಇಷ್ಟು ನೋವು. 'ಇರಪ್ಷನ್' ಗೊತ್ತಲ್ಲ, ಅವರ ಗಿಟಾರ್ ಸೋಲೋ? 1978ರ ಮೊದಲ ಆಲ್ಬಮ್ಮಿನಲ್ಲಿದೆ. 1 ನಿಮಿಷ 42 ಸೆಕೆಂಡ್, ಅಷ್ಟೇ. ಅದರ ಕೊನೆಯ ಭಾಗದಲ್ಲಿ ಬಲಗೈ ಬೆರಳು ಕೂಡ, ತಂತಿ ಒತ್ತಲು ಫ್ರೆಟ್ ಅನ್ನುವ ಲೋಹದ ಪಟ್ಟಿಗಳಿರುವ ಫ್ರೆಟ್ ಬೋರ್ಡಿಗೆ ಇಳಿಯುತ್ತದೆ. ಎರಡನೇ ತಂತಿ. ಎಡಗೈ ತೋರುಬೆರಳು 2ನೇ ಫ್ರೆಟ್ಟಿನ ಮೇಲೆ ಕೂತಿರುತ್ತದೆ. ಬಲಗೈ ಬೆರಳು 9ನೇ ಫ್ರೆಟ್ಟಿಗೆ ಬಡಿದು, ಮೇಲೇಳುವಾಗ ತಂತಿಯನ್ನು ಸ್ವಲ್ಪ ಎಳೆದು ಬಿಡುತ್ತದೆ. ಆಗ 2ನೇ ಫ್ರೆಟ್ಟಿನ ಸ್ವರ ಕೇಳುತ್ತದೆ. ತಕ್ಷಣ ಎಡಗೈ ಕಿರುಬೆರಳು 5ಕ್ಕೆ ಬಡಿಯುತ್ತದೆ. ಒಂಬತ್ತು, ಎರಡು, ಐದು. ಮತ್ತೆ ಒಂಬತ್ತು, ಎರಡು, ಐದು. ಮೊದಲ ದಿನ ಮೂರು ಬೇರೆ ಬೇರೆ ಟಕ್ ಟಕ್ ಸದ್ದು ಬರುತ್ತದೆ. ಎಷ್ಟೋ ದಿನ ಕೂತ ಮೇಲೆ ಒಂದು ಸಂಜೆ ಆ ಮೂರೂ ಕೂಡಿ ಒಂದೇ ಹರಿವಾಗುತ್ತವೆ. ಮೈ ಜುಂ ಅನ್ನುತ್ತದೆ. ಆ ಕ್ಷಣದಲ್ಲಿ ನಿಮ್ಮ ಬೆರಳುಗಳು ಮಾಡುತ್ತಿರುವುದು, ಇನ್ನೊಬ್ಬ ಮನುಷ್ಯ ಲಾಸ್ ಏಂಜಲೀಸಿನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಮಾಡಿದ್ದನ್ನೇ.

ಹೀಗೆ ಒಬ್ಬರ ಬೆರಳಿನ ಚಲನೆಯನ್ನು ತಿಂಗಳುಗಟ್ಟಲೆ ನಮ್ಮ ಬೆರಳಿಗೆ ಕಲಿಸಿದ ಮೇಲೆ ಅವರನ್ನು ಅಪರಿಚಿತ ಅಂತ ಹೇಗೆ ಕರೆಯುವುದು? ಕೈಕುಲುಕಿಲ್ಲ, ಮಾತಾಡಿಲ್ಲ, ನಿಜ. ಆದರೆ ಅವರು ಕಿರುಬೆರಳನ್ನು ಎಷ್ಟು ಚಾಚುತ್ತಿದ್ದರು, ಎಲ್ಲಿ ಆತುರಪಡುತ್ತಿದ್ದರು ಅನ್ನುವುದು ನಮಗೆ ಗೊತ್ತು. ನೆಂಟರಲ್ಲಿ ಎಷ್ಟು ಜನರ ಬಗ್ಗೆ ನಮಗೆ ಇಷ್ಟು ಗೊತ್ತಿರುತ್ತದೆ?

ಅವರು ಕಲಿತದ್ದೂ ಹೀಗೆಯೇ. 1955ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದರು. 1962ರಲ್ಲಿ ಅಪ್ಪ, ಅಮ್ಮ, ಅಣ್ಣ ಅಲೆಕ್ಸ್ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನೆಲೆಸಿದಾಗ ಹುಡುಗರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಿಯಾನೋ ಪಾಠಕ್ಕೆ ಹೋದ ಎಡ್ಡಿ ಬರೆದ ಸ್ವರ ಓದಲು ಕಲಿಯಲೇ ಇಲ್ಲ. ಮೇಷ್ಟರ ಬೆರಳು ನೋಡುವುದು, ಕಿವಿಯಲ್ಲಿ ಇಟ್ಟುಕೊಳ್ಳುವುದು, ಹಾಗೇ ನುಡಿಸುವುದು. ಸ್ಪರ್ಧೆಗಳನ್ನೂ ಹಾಗೇ ಗೆದ್ದರು. ಆಮೇಲೆ ಎರಿಕ್ ಕ್ಲಾಪ್ಟನ್ನಿನ ಸೋಲೋಗಳನ್ನು ಒಂದು ಸ್ವರ ಬಿಡದೆ ಕೂತು ಕಲಿತರು. ಇನ್ನೊಬ್ಬರ ಕೈಯನ್ನು ತನ್ನ ಕೈಗೆ ಇಳಿಸಿಕೊಳ್ಳುವುದು ಅಂದರೇನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಗೊತ್ತಿತ್ತು ಅನ್ನಲು ನನ್ನ ಹತ್ತಿರ ಒಂದು ಕಾರಣ ಇದೆ. ನಿಮ್ಮನ್ನು ನೋಡಿ ನಗುವವರಿಗೆ ಇದನ್ನೇ ಹೇಳಿ.

ಪ್ಯಾಂಟೆರಾ ಬ್ಯಾಂಡಿನ ಡೈಮ್‌ಬ್ಯಾಗ್ ಡ್ಯಾರೆಲ್ ಚಿಕ್ಕಂದಿನಿಂದ ಎಡ್ಡಿಯ ಭಕ್ತ. ತಾನೇ ದೊಡ್ಡ ಗಿಟಾರಿಸ್ಟ್ ಆದ ಮೇಲೂ ಆ ಭಕ್ತಿ ಹೋಗಿರಲಿಲ್ಲ. 2004ರಲ್ಲಿ ಎಡ್ಡಿಯನ್ನು ಭೇಟಿಯಾದಾಗ, ಪಟ್ಟೆ ಬಳಿದ ಗಿಟಾರಿನ ನಕಲೊಂದು ತನಗೂ ಬೇಕು ಅಂತ ಕೇಳಿದ್ದರು. ಎಡ್ಡಿ ಒಪ್ಪಿದ್ದರು. ಅದೇ ವರ್ಷ ಡಿಸೆಂಬರ್ 8ರಂದು ಒಹಾಯೋದ ಕೊಲಂಬಸ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ, ವೇದಿಕೆಯ ಮೇಲೇ ಡ್ಯಾರೆಲ್‌ನನ್ನು ಒಬ್ಬ ಗುಂಡಿಟ್ಟು ಕೊಂದ. ವಯಸ್ಸು 38. ಅಂತ್ಯಕ್ರಿಯೆಗೆ ಎಡ್ಡಿ ಬಂದರು, ನಕಲು ತರಲಿಲ್ಲ. ವ್ಯಾನ್ ಹೇಲನ್‌ನ ಎರಡನೇ ಆಲ್ಬಮ್ಮಿನ ಹಿಂಬದಿಯ ಫೋಟೋದಲ್ಲಿ ಕಾಣುತ್ತದಲ್ಲ, ಕಪ್ಪು ಹಳದಿ ಪಟ್ಟೆಯ ಗಿಟಾರ್, ಆ ಅಸಲಿ ಗಿಟಾರನ್ನೇ ತಂದು ಶವಪೆಟ್ಟಿಗೆಯಲ್ಲಿ ಇಟ್ಟರು. ಅದನ್ನು ಡ್ಯಾರೆಲ್ ಜೊತೆಗೇ ಮಣ್ಣು ಮಾಡಿದರು. ಹರಾಜಿಗೆ ಇಟ್ಟಿದ್ದರೆ ಅದರ ಬೆಲೆ ಎಲ್ಲಿಗೆ ಹೋಗುತ್ತಿತ್ತೋ. ಅಭಿಮಾನಿಯ ಪ್ರೀತಿಗೆ ಎಷ್ಟು ತೂಕ ಅಂತ ಎಡ್ಡಿ ಅವತ್ತೇ ತೋರಿಸಿಬಿಟ್ಟರು. ಇದು ನೆನಪಾದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಎಡ್ಡಿ ಹೋದದ್ದು 2020ರ ಅಕ್ಟೋಬರ್ 6ರಂದು, ಸಾಂಟಾ ಮೋನಿಕಾದ ಆಸ್ಪತ್ರೆಯಲ್ಲಿ. 65 ವರ್ಷ. ವರ್ಷಗಟ್ಟಲೆ ಕ್ಯಾನ್ಸರ್ ಜೊತೆ ಹೋರಾಡಿದ್ದರು. ಮಗ ವೂಲ್ಫ್‌ಗ್ಯಾಂಗ್ ಟ್ವಿಟರ್‌ನಲ್ಲಿ ಬರೆದಾಗ ಜಗತ್ತಿಗೆ ಗೊತ್ತಾಯಿತು. ಎಡ್ಡಿ ಕೊನೆಯದಾಗಿ ವೇದಿಕೆಯಲ್ಲಿ ನುಡಿಸಿದ್ದು 2015ರ ಅಕ್ಟೋಬರ್ 4ರಂದು, ಹಾಲಿವುಡ್ ಬೌಲ್‌ನಲ್ಲಿ. ಇನ್ನೊಂದು ಪ್ರವಾಸ ಬರುತ್ತದೆ, ಯಾವಾಗಲಾದರೂ ಒಮ್ಮೆ ನೋಡುತ್ತೇವೆ ಅಂತ ಕಾದಿದ್ದವರು ಲೆಕ್ಕವಿಲ್ಲ. ಅವರಿಗೆಲ್ಲ ಆ ಆಸೆಯೂ ಅವತ್ತೇ ಮುಗಿಯಿತು.

ಅದು ಕೊರೊನಾ ಕಾಲ ಬೇರೆ. ದೊಡ್ಡದಾಗಿ ಸೇರುವ ಹಾಗಿರಲಿಲ್ಲ, ಸಂತಾಪದ ಸಂಗೀತ ಕಛೇರಿ ಇಲ್ಲ. ದೇಹವನ್ನು ದಹನ ಮಾಡಿದ್ದರಿಂದ ಹೋಗಿ ನಿಲ್ಲಲು ಒಂದು ಸಮಾಧಿಯೂ ಇಲ್ಲ. ಹಾಗಾಗಿ ಜನ ತಾವೇ ಜಾಗ ಹುಡುಕಿಕೊಂಡರು. ಪ್ಯಾಸಡೀನಾದ ಆಲನ್ ಅವೆನ್ಯೂನಲ್ಲಿ, ಕಾಲುದಾರಿಯ ಸಿಮೆಂಟಿನಲ್ಲಿ ಅದು ಹಸಿ ಇದ್ದಾಗ ಯಾರೋ ಗೀಚಿದ 'ವ್ಯಾನ್ ಹೇಲನ್' ಅನ್ನುವ ಅಕ್ಷರಗಳಿವೆ. ಅಣ್ಣತಮ್ಮಂದಿರೇ ಹುಡುಗರಾಗಿದ್ದಾಗ ಗೀಚಿದ್ದು ಅಂತ ಜನ ನಂಬುತ್ತಾರೆ. ಅಲ್ಲಿ ಹೂವು ಇಟ್ಟರು, ಮೇಣದ ಬತ್ತಿ ಹಚ್ಚಿದರು, ಗಿಟಾರ್ ಪಿಕ್ ಇಟ್ಟು ಹೋದರು. ಅವರು ಬೆಳೆದ ಮನೆಯ ಮುಂದೆಯೂ ಹಾಗೆಯೇ.

ದೂರ ಇದ್ದವರು ಏನು ಮಾಡಿದರು ಅಂದರೆ, ನುಡಿಸಿದರು. ಅವತ್ತು ಬೆಳಿಗ್ಗೆ ಫೋನ್ ತೆಗೆದರೆ ಒಂದರ ಹಿಂದೆ ಒಂದು ವಿಡಿಯೋ. ದೊಡ್ಡ ಹೆಸರಿನವರೂ ಇದ್ದರು, ಆದರೆ ನಾನು ಜಾಸ್ತಿ ನೋಡಿದ್ದು ಹೆಸರಿಲ್ಲದವರನ್ನು. ಮಲಗುವ ಕೋಣೆಯಲ್ಲಿ, ಹಾಸಿಗೆಯ ಅಂಚಿನಲ್ಲಿ ಕೂತು, ತಪ್ಪುತಪ್ಪಾಗಿಯೇ 'ಇರಪ್ಷನ್' ನುಡಿಸುತ್ತಿದ್ದರು. ಕೆಲವರು ಅರ್ಧಕ್ಕೇ ನಿಲ್ಲಿಸಿ ಕ್ಯಾಮೆರಾ ಆಫ್ ಮಾಡಿದರು. ಅವರಲ್ಲಿ ಯಾರೂ ನನಗೆ ಪರಿಚಯ ಇಲ್ಲ. ಆದರೂ ಅವತ್ತು ಅವರಷ್ಟು ಹತ್ತಿರದವರು ನನಗೆ ಬೇರೆ ಯಾರೂ ಇರಲಿಲ್ಲ.

ಅಂದಹಾಗೆ, ತಪ್ಪಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 'ಇರಪ್ಷನ್' ರೆಕಾರ್ಡಿಂಗ್‌ಗಾಗಿ ತಯಾರಿಸಿದ್ದೇ ಅಲ್ಲ. ಸ್ಟುಡಿಯೋದಲ್ಲಿ ಎಡ್ಡಿ ಸುಮ್ನೆ ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ಪ್ರೊಡ್ಯೂಸರ್ ಟೆಡ್ ಟೆಂಪಲ್‌ಮನ್ ಕಿವಿಗೆ ಬಿದ್ದು, ಇದೇನು, ಇದನ್ನೂ ಹಾಕೋಣ ಅಂದರು. ಅದರಲ್ಲಿ ತಾನೊಂದು ತಪ್ಪು ಮಾಡಿದ್ದೇನೆ, ಯಾವಾಗ ಕೇಳಿದರೂ ಅದೇ ಕೇಳಿಸುತ್ತದೆ ಅಂತ ಎಡ್ಡಿ ಸಂದರ್ಶನದಲ್ಲಿ ಹೇಳಿದ್ದಾರೆ. ನಾವೆಲ್ಲ ಆ ತಪ್ಪನ್ನೂ ಸೇರಿಸಿಯೇ ಕಲಿತೆವು.

ಒಂದು ವಿಷಯದಲ್ಲಿ ಅಭಿಮಾನಿಗಳು ಎಚ್ಚರ ಇರಬೇಕು. ನಮ್ಮ ದುಃಖ ನಿಜ, ಆದರೆ ಅಪ್ಪನನ್ನು ಕಳೆದುಕೊಂಡವರು ವೂಲ್ಫ್‌ಗ್ಯಾಂಗ್. 2006ರಿಂದ ಅವರು ಅಪ್ಪನ ಪಕ್ಕದಲ್ಲೇ ನಿಂತು ಬೇಸ್ ನುಡಿಸಿದವರು. 2021ರ ಗ್ರ್ಯಾಮಿ ಸಮಾರಂಭದಲ್ಲಿ 'ಇರಪ್ಷನ್' ನುಡಿಸುತ್ತೀರಾ ಅಂತ ಅವರನ್ನು ಕೇಳಿದ್ದರು. ಅವರು ಒಲ್ಲೆ ಅಂದರು. ಅಪ್ಪ ಸಂಗೀತಕ್ಕೆ ಮಾಡಿದ್ದನ್ನು ಅಪ್ಪನ ಹೊರತು ಬೇರೆ ಯಾರೂ ಮಾಡಲು ಆಗುವುದಿಲ್ಲ ಅನ್ನುವುದು ಅವರ ಮಾತಿನ ತಾತ್ಪರ್ಯ. ಕೊನೆಗೆ ವೇದಿಕೆಯ ಮೇಲೆ ಬೆಳಕಿನಲ್ಲಿ ಗಿಟಾರನ್ನು ಒಂಟಿಯಾಗಿ ನಿಲ್ಲಿಸಿ, ಸುಮಾರು 15 ಸೆಕೆಂಡ್ ಹಳೆಯ ವಿಡಿಯೋ ತೋರಿಸಿದರು. ಇಷ್ಟೇನಾ ಅಂತ ಅಭಿಮಾನಿಗಳು ಸಿಟ್ಟಾದರು, ಮಗನಿಗೂ ಬೇಸರವಾಯಿತು. ನನಗೂ ಆಯಿತು. ಆದರೆ ಅವರು ನುಡಿಸಲು ಒಪ್ಪದೇ ಇದ್ದದ್ದು ಸರಿ ಅಂತಲೇ ನಾನು ಈಗಲೂ ಹೇಳುತ್ತೇನೆ. 'ಅಪ್ಪನ ಹಾಡು ಯಾಕೆ ನುಡಿಸಲ್ಲ?' ಅಂತ ಅವರನ್ನು ಪೀಡಿಸುವವರು ಇದ್ದಾರೆ. ದಯವಿಟ್ಟು ಆ ಗುಂಪಿಗೆ ಸೇರಬೇಡಿ.

2022ರ ಸೆಪ್ಟೆಂಬರ್‌ನಲ್ಲಿ, ಫೂ ಫೈಟರ್ಸ್ ಬ್ಯಾಂಡಿನ ಡ್ರಮ್ಮರ್ ಟೇಲರ್ ಹಾಕಿನ್ಸ್ ನೆನಪಿಗೆ ಲಂಡನ್ನಿನ ವೆಂಬ್ಲಿಯಲ್ಲಿ ದೊಡ್ಡ ಕಾರ್ಯಕ್ರಮ ನಡೆಯಿತು. ಅಲ್ಲಿ ವೂಲ್ಫ್‌ಗ್ಯಾಂಗ್ ತಾವಾಗಿಯೇ ಅಪ್ಪನ ಎರಡು ಹಾಡು ನುಡಿಸಿದರು. ಹುಡುಕಿ ನೋಡಿ. ಎಡ್ಡಿಯ ಹಾಡು ಕೇಳಲು ಆಗುತ್ತಿಲ್ಲ ಅಂದಿರಲ್ಲ, ನೀವು ಶುರು ಮಾಡಬೇಕಾದ ಜಾಗ ಅದೇ ಅಂತ ನನ್ನ ಅನಿಸಿಕೆ. ಆ ಹಾಡುಗಳು ಇನ್ನೊಬ್ಬರ ಕೈಯಲ್ಲಿ, ಅದೂ ನಮಗಿಂತ ನೂರು ಪಟ್ಟು ಜಾಸ್ತಿ ಕಳೆದುಕೊಂಡವರ ಕೈಯಲ್ಲಿ ಕೇಳುವಾಗ ಅಳು ಬಂದರೂ ಪೂರ್ತಿ ಕೇಳಲು ಆಗುತ್ತದೆ. ನನಗೆ ಹಾಗಾಯಿತು.

ಇನ್ನು ಗಿಟಾರ್. ಅದನ್ನು ಬಿಡಬೇಡಿ. ಹೊಸ ತಂತಿ ಹಾಕಿ, ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ. ಅವರದೂ ಹಾಗೇ ಇತ್ತು. ಆಂಪ್ ಬೇಡ, ಸದ್ದನ್ನು ಗರಗರ ಮಾಡುವ ಡಿಸ್ಟಾರ್ಷನ್ ಬೇಡ. ಎರಡನೇ ತಂತಿಯ ಆ ಮೂರು ಸ್ವರಗಳನ್ನು ಮೆಟ್ರೊನೋಮ್ (ತಾಳ ಹಿಡಿಯುವ ಸಾಧನ) ಇಟ್ಟುಕೊಂಡು ತುಂಬಾ ನಿಧಾನವಾಗಿ ನುಡಿಸಿ. ಮೂರೂ ಒಂದೇ ಜೋರಿನಲ್ಲಿ ಕೇಳುವ ತನಕ ವೇಗ ಏರಿಸಬೇಡಿ. ಕಿರುಬೆರಳು ಸೋಲುತ್ತದೆ, ಎಲ್ಲರಿಗೂ ಮೊದಲು ಸೋಲುವುದು ಅದೇ. ಮಣಿಕಟ್ಟು ನೋವು ಬಂದರೆ ಅವತ್ತಿಗೆ ಸಾಕು ಮಾಡಿ. ಅಷ್ಟು ಕೂತ ಮೇಲೆ ಬಲಗೈ ಬೆರಳು ಮುಂದೆ ಎಲ್ಲಿಗೆ ಹೋಗಬೇಕು ಅಂತ ಗೊಂದಲ ಆದರೆ ಇಲ್ಲೇ ಕೆಳಗೆ ಕೇಳಿ, ಒಂದೊಂದೇ ಫ್ರೆಟ್ ಬರೆದು ತಿಳಿಸುತ್ತೇನೆ.