ಗಣಿ ತೆರೆದರೆ ಊರು ತೆರೆದೀತೇ?

ಬಂಗಾರಪೇಟೆಯ ಓದುಗರೊಬ್ಬರ ಪತ್ರ: "ಚಿನ್ನದ ಬೆಲೆ ಈ ಪರಿ ಏರಿರುವಾಗ ಕೆ.ಜಿ.ಎಫ್. ಗಣಿಗಳನ್ನು ಮುಚ್ಚಿಟ್ಟಿರುವುದೇಕೆ? ಅವು ತೆರೆದರೆ ಇಡೀ ಕೋಲಾರ ಜಿಲ್ಲೆ ಹಿಂದಿನ ವೈಭವಕ್ಕೆ ಮರಳುತ್ತದೆ. ಪತ್ರಿಕೆ ದನಿಗೂಡಿಸಬೇಕು."

ಉತ್ತರ: ತಮ್ಮ ಕಳಕಳಿ ನಿಜವಾದದ್ದು. 2001ರ ಫೆಬ್ರವರಿ 28ರಂದು ಗಣಿ ನಿಂತಾಗ ಕೆಲಸ ಕಳೆದುಕೊಂಡವರ ಸಂಕಟವೂ ಸುಳ್ಳಲ್ಲ. ಅವರ ಮಕ್ಕಳು ಇಂದಿಗೂ ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಆದರೆ ಇಡೀ ಜಿಲ್ಲೆಯ ವೈಭವವೆಂಬ ಮಾತನ್ನು ಮಾತ್ರ ಒಪ್ಪಲಾರೆ.

ಅದು ಯಾರ ವೈಭವವಾಗಿತ್ತು? 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಸುಮಾರು 120 ವರ್ಷಗಳಲ್ಲಿ ಅಂದಾಜು 800 ಟನ್ ಚಿನ್ನ ಮೇಲೆ ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ, ಬೆಂಗಳೂರಿಗೂ ಮೊದಲು, ಗಣಿಗೆ ಹರಿಯಿತು. ಬೇತಮಂಗಲದ ನೀರೂ ಅಲ್ಲಿಗೇ ಹೋಯಿತು. ಲಾಭ ಮಾತ್ರ ಲಂಡನ್ನಿನ ಷೇರುದಾರರನ್ನು ಸೇರಿತು. ಕಾರ್ಮಿಕನಿಗೆ ದಕ್ಕಿದ್ದು ಲೈನ್ ಮನೆಯ ಇಕ್ಕಟ್ಟು ಮತ್ತು ಶ್ವಾಸಕೋಶದ ತುಂಬ ಕಲ್ಲಿನ ದೂಳು, ಊರಿಗೆ ದಕ್ಕಿದ್ದು ಚಿನ್ನ ತೆಗೆದು ಉಳಿದ ಅದಿರಿನ ಪುಡಿಯನ್ನು ಸುರಿದು ಬೆಳೆದ, ಗಾಳಿ ಬೀಸಿದರೆ ಕಣ್ಣಿಗೆರಚುವ ಸೈನೈಡ್ ದಿಬ್ಬ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವ ಹೊತ್ತಿಗೆ ಒಳ್ಳೆಯ ಅದಿರು ಬಹುಪಾಲು ತೀರಿತ್ತು. 1964ರಲ್ಲಿ ಹುಟ್ಟಿದ, ಭಾರೀ ಯಂತ್ರಗಳನ್ನು ತಯಾರಿಸುವ ಕೇಂದ್ರ ಸರ್ಕಾರದ ಉದ್ದಿಮೆ ಬೆಮೆಲ್ ಇಲ್ಲದಿದ್ದರೆ ಊರಿನ ಗತಿ ಇನ್ನೂ ಬಿಗಡಾಯಿಸುತ್ತಿತ್ತು. ಬೆಲೆ ಏರಿದೆ, ನಿಜ. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ತುಂಬಿ ನಿಂತಿರುವ ನೀರನ್ನು ಎತ್ತುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಡವೇ?

ಬೆಳಗಾಗುತ್ತಲೇ ತಮ್ಮ ತಾಲ್ಲೂಕಿನ ಯಾವುದೇ ಹಾಲಿನ ಸೊಸೈಟಿಯ ಮುಂದೆ ತಾವು ಒಮ್ಮೆ ನಿಲ್ಲಬೇಕು. ಎರಡು ಹಸು ಕಟ್ಟಿದ ಹೆಂಗಸು ಕ್ಯಾನು ಇಳಿಸುತ್ತಾಳೆ, ಕಾರ್ಯದರ್ಶಿ ಕೊಬ್ಬಿನಂಶ ನೋಡಿ ಚೀಟಿ ಕೊಡುತ್ತಾನೆ, ಬಟವಾಡೆಯ ದಿನ ಆ ದುಡ್ಡು ಬೂಸಾ ಅಂಗಡಿ, ಮಗಳ ಶಾಲೆಯ ಫೀಸು, ಊರಿನ ದಿನಸಿ ಅಂಗಡಿಗಳಲ್ಲಿ ಸುತ್ತಾಡುತ್ತದೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಜಿಲ್ಲೆ ಗಣಿ ಮುಚ್ಚಿದ ಮೇಲೂ ಕುಸಿದು ಬೀಳದಿದ್ದುದಕ್ಕೆ ಹಾಲು, ಹಿಪ್ಪುನೇರಳೆ, ಟೊಮೆಟೊಗಳೇ ಕಾರಣವೆಂಬುದು ನನ್ನ ಗಟ್ಟಿ ನಂಬಿಕೆ. ಓದಿಕೊಂಡ ತಮ್ಮಂಥವರೂ ಇದನ್ನು ಉದ್ಯಮವೆಂದು ಎಣಿಸದೆ ಚಿನ್ನವನ್ನೇ ಕನವರಿಸುವುದು ನನಗೆ ಬೇಸರ ತರುತ್ತದೆ.

ತಮ್ಮೊಬ್ಬರನ್ನೇ ದೂರಿ ಫಲವೇನು? 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಟೀವಿಯವರೆಲ್ಲ ಓಡಿ ಬಂದರು; ಬೆಲೆ ಬಿದ್ದು ರೈತ ಹಣ್ಣನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಅವರು ಎರಡು ನಿಮಿಷ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಅಂತರ್ಜಲ ಬರಿದಾಗಿ, ಬೆಂಗಳೂರು ಬಳಸಿ ಸಂಸ್ಕರಿಸಿ ಬಿಟ್ಟ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ತುಂಬಿಸಿಕೊಳ್ಳುವ ಸ್ಥಿತಿಗೆ ಬಂದ ಜಿಲ್ಲೆಯ ಬಗ್ಗೆ ವಿಧಾನಸೌಧದಲ್ಲಿ ಎಷ್ಟು ಹೊತ್ತು ಚರ್ಚೆಯಾಗುತ್ತದೆ?

ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಪ್ರಸ್ತಾಪವನ್ನು ನಾನು ವಿರೋಧಿಸುವುದಿಲ್ಲ. ತಾವು ಶಾಸಕರಿಗೆ ಮನವಿ ಕೊಡುವುದಾದರೆ, ಅದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಗಣಿ ನಡೆಸುವವರು ಗಣಿಬಾಧಿತರಿಗಾಗಿ ಹಣ ಕಟ್ಟುವ ನಿಧಿ) ಬರುವ ಹಣದಲ್ಲಿ ಗಣಿ ಕಾರ್ಮಿಕರ ಕುಟುಂಬಗಳಿಗೆ ಚಿಕಿತ್ಸೆ ಮತ್ತು ತರಬೇತಿ ಸಿಗಬೇಕೆಂದೂ, ಟೊಮೆಟೊ ಸಂಸ್ಕರಣೆಗೆ ಸರ್ಕಾರ ಬೇರೆಯಾಗಿ ಹಣ ಇಡಬೇಕೆಂದೂ ಸೇರಿಸಿ ಬರೆಯಿರಿ. ಮನವಿಯ ಪ್ರತಿ ನಮಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂ.