ಚಪ್ಪಾಳೆ ಕೇಳಿಸಿತು, ಪ್ರಶ್ನೆ ಕೇಳಿಸಲಿಲ್ಲ

ನಮಸ್ಕಾರ,

ಬೈಲುಕುಪ್ಪೆಯಲ್ಲಿರುವ ಟಿಬೆಟನ್ ಬೌದ್ಧರ ಸೆರಾ ಮಠದಲ್ಲಿ ನಡೆಯುವ ತರ್ಕದ ವಾದದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಲು ಅಪ್ಪಳಿಸುವುದು, ಚಪ್ಪಾಳೆ ತಟ್ಟುವುದು, ಜಪಮಾಲೆ ಎಳೆದುಕೊಳ್ಳುವುದು, ಇದೇ ಮೂರು ಪುಟ ಇದೆ. ಚೆನ್ನಾಗಿಯೇ ಇದೆ. ಆದರೆ ನಿಂತು ಪ್ರಶ್ನೆ ಹಾಕುವವನು ಏನು ಕೇಳಿದ? ಕೂತು ಉತ್ತರ ಕೊಡುವವನು ಏನಂದ? ಒಂದು ಸಾಲೂ ಇಲ್ಲ. ಟಿಬೆಟನ್ ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ, ಸರಿ. ವಾದ ಮುಗಿದ ಮೇಲೆ ಯಾರನ್ನಾದರೂ ಕೇಳಬಹುದಿತ್ತು, ಅಲ್ವಾ?

ಹೊಸಬರ ಮೊದಲ ಪಾಠವನ್ನೇ ನೋಡಿ. ನಿಂತವನು ಕೇಳುತ್ತಾನೆ: 'ಬಣ್ಣ ಅನ್ನುವುದೆಲ್ಲ ಕೆಂಪೇ ಏನು?' ಕೂತವನು ಒಪ್ಪುತ್ತಾನೆ. 'ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪು. ಅದೂ ಬಣ್ಣ ತಾನೇ?' ಈಗ ಕೂತವನು ಭಾಷಣ ಮಾಡುವ ಹಾಗಿಲ್ಲ. 'ಒಪ್ಪಿದೆ' ಅನ್ನಬೇಕು, ಇಲ್ಲವೇ 'ಹೇತು ಸಿದ್ಧವಿಲ್ಲ' (ನೀನು ಕೊಟ್ಟ ಕಾರಣವೇ ನಿಜವಲ್ಲ), ಇಲ್ಲವೇ 'ವ್ಯಾಪ್ತಿ ಇಲ್ಲ' (ಕಾರಣ ನಿಜ, ಆದರೆ ಅದರಿಂದ ಈ ತೀರ್ಮಾನ ಬರುವುದಿಲ್ಲ). ಒಪ್ಪಿದರೆ ಬಿಳಿಯೇ ಕೆಂಪಾಯಿತು. ಹೇತು ಸಿದ್ಧವಿಲ್ಲ ಅಂದರೆ ಬಿಳಿ ಬಣ್ಣವೇ ಅಲ್ಲ ಅಂದ ಹಾಗೆ. ವ್ಯಾಪ್ತಿ ಇಲ್ಲ ಅನ್ನೋಣವೆಂದರೆ ಅದನ್ನು ಮೊದಲೇ ಒಪ್ಪಿ ಕೂತಿದ್ದಾನೆ! ಆಗ ಅವನ ಮುಖ ಹೇಗಿರುತ್ತದೆ, ಅದನ್ನು ಬರೆಯಿರಿ. ಚಪ್ಪಾಳೆ ಆಮೇಲೆ ಬರಲಿ.

ಒಂದು ತಪ್ಪೂ ಇದೆ. ಬೌದ್ಧ ತಾರ್ಕಿಕ ದಿಗ್ನಾಗ ನಾಲ್ಕು ಪ್ರಮಾಣ (ಸರಿಯಾದ ಅರಿವಿನ ದಾರಿ) ಒಪ್ಪಿದ ಅಂದಿದ್ದೀರಿ. ನಾಲ್ಕು ಅನ್ನುವುದು ನ್ಯಾಯ ದರ್ಶನದವರ ಲೆಕ್ಕ. ದಿಗ್ನಾಗನಿಗೂ ಅವನ ದಾರಿಯಲ್ಲೇ ಬಂದ ಧರ್ಮಕೀರ್ತಿಗೂ ಎರಡೇ: ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು). ಇದು ಸಣ್ಣ ವಿಷಯವಲ್ಲ, ಬೌದ್ಧರಿಗೂ ನ್ಯಾಯದವರಿಗೂ ಜಗಳವೇ ಅಲ್ಲಿದೆ.

ಇನ್ನು 'ಮನಸ್ಸು ಕನ್ನಡಿಯಂತೆ' ಅನ್ನುವುದು ಐದು ಕಡೆ ಬಂದಿದೆ. ಐದನ್ನೂ ಹೊಡೆದುಹಾಕಿದ್ದೇನೆ. ಆ ಮಠಗಳಲ್ಲಿ ಅರಿವನ್ನು ಏಳು ಬಗೆ ಮಾಡಿ ಕಲಿಸುತ್ತಾರೆ. ಅದರಲ್ಲಿ ಒಂದು, ತೋರಿಯೂ ಖಾತ್ರಿಯಾಗದ ಅರಿವು. ಪುಸ್ತಕದಲ್ಲಿ ಮುಳುಗಿದ್ದಾಗ ಪಕ್ಕದಲ್ಲಿ ಯಾರೋ ಮಾತಾಡುತ್ತಾರೆ. ಮಾತು ಕಿವಿಗೆ ಬಿದ್ದಿರುತ್ತದೆ. ಆಮೇಲೆ ಕೇಳಿದರೆ, ಕೇಳಿಸಿತೋ ಇಲ್ಲವೋ ಅಂತ ನಮಗೇ ಸಂಶಯ. (ವಾದದ ಅಂಗಳದಲ್ಲಿ ನಿಮಗೂ ಹೆಚ್ಚೂಕಮ್ಮಿ ಇದೇ ಆಗಿದೆ ಅನಿಸುತ್ತದೆ.) ಕನ್ನಡಿಗಿಂತ ಇದು ಎಷ್ಟೋ ವಾಸಿ.

ಇನ್ನೊಮ್ಮೆ ಹೋಗಿ ಬನ್ನಿ. ಒಂದೇ ಒಂದು ಪ್ರಶ್ನೆಯನ್ನು ಕೊನೆವರೆಗೂ ಹಿಂಬಾಲಿಸಿ. ಎರಡು ಪುಟ ಸಾಕು, ಮುಂದಿನ ತಿಂಗಳು ಕಳಿಸಿದರೂ ನಡೆಯುತ್ತದೆ.

ಸಂಪಾದಕ